ಡೆಮೊಗೊಬ್ಬ ಹುಡುಗ

ಬಾಬಾಜಾನ್ ವಸ್ತಾದರು ಯುಗಾದಿಗೆ ಮೊದಲೇ ನಿವೃತ್ತರಾದರು.
ಶಾಲು, ಹಣ್ಣಿನ ಬುಟ್ಟಿ, ಎರಡು ನಿಮಿಷ ಮೈಕು.
ಮೈಕಿನಲ್ಲಿ ಅವರು ಹೇಳಿದ್ದು ಇಷ್ಟೇ:
"ಮ್ಯಾಟು ಒರೆಸಿ ಸುತ್ತಿಡ್ರೋ, ಇಲಿ ಇದಾವೆ."

ಈಗ ಹೊಸ ಕೋಚ್ ಆಯ್ಕೆ.
ಅರ್ಜಿ ಹದಿನಾಲ್ಕು, ಜರಡಿಯಲ್ಲಿ ಉಳಿದದ್ದು ಮೂರು.
ಪ್ರಿನ್ಸಿಪಾಲರು, ದೈಹಿಕ ಶಿಕ್ಷಣದ ಮೇಡಂ,
ಆಡಳಿತ ಮಂಡಳಿಯ ರೈಸ್‌ಮಿಲ್ ಸಾಹುಕಾರರು
ಮ್ಯಾಟಿನ ಅಂಚಿಗೆ ಕುರ್ಚಿ ಹಾಕಿಸಿಕೊಂಡು ಕೂತರು.
"ಡೆಮೊಗೊಬ್ಬ ಹುಡುಗ ಬೇಕಲ್ಲ."
ಐವತ್ತೇಳು ಕೆಜಿ, ಬಿ.ಎ. ಐದನೇ ಸೆಮಿಸ್ಟರು,
ಎಡಗಿವಿ ಹೂಕೋಸು:
ನಾನೇ.

ಮೊದಲು ಧರ್ಮೋಜಿ ಸರ್, ಪಟಿಯಾಲದ ಡಿಪ್ಲೊಮಾ,
ಕೊರಳಲ್ಲಿ ಸೀಟಿ, ಕಂಕುಳಲ್ಲಿ ಲ್ಯಾಪ್‌ಟಾಪು.
ನನ್ನ ತೊಡೆಯ ಮೇಲೆ ಸ್ಕೆಚ್ ಪೆನ್ನಿನಿಂದ ಬಾಣ ಬರೆದು
"ಭಾರ ಇಲ್ಲಿಂದ ಇಲ್ಲಿಗೆ ಹೋಗಬೇಕು" ಅಂದರು.
ಹೋಯಿತು, ಸುಳ್ಳು ಹೇಳಬಾರದು.
ಯಾಕೆ ಬಿದ್ದೆ ಎಂದು ನನಗೇ ಅರ್ಥವಾಗುವಷ್ಟು
ಚಂದ ಬಿದ್ದೆ.
ಕೈ ಮಾತ್ರ ಆಸ್ಪತ್ರೆಯ ಕೈ:
ನನ್ನ ಬೆವರು ತಾಗಿದ್ದೇ ಕರ್ಚೀಫು ಹುಡುಕುತ್ತಿತ್ತು.

ಆಮೇಲೆ ಶಿಕಾರಿಪುರದ ಚೌಡಪ್ಪ ಪೈಲ್ವಾನರು.
ಊರೂರ ಮಣ್ಣಿನ ಕುಸ್ತಿಯಲ್ಲಿ ಹನ್ನೊಂದು ಬೆಳ್ಳಿ ಗದೆ.
ಮ್ಯಾಟು ನೋಡಿ ಮೂಗು ಮುರಿದರು,
"ಇದರ ಮೇಲೆ ಬಿದ್ರೆ ಮೀಸೆ ಹೆಂಗಯ್ಯಾ ಮಣ್ಣಾಗತ್ತೆ?"
ಸಾಹುಕಾರರು ಹೊಟ್ಟೆ ಕುಣಿಸಿ ನಕ್ಕರು.
ಒಂದು ಓಟು ಅಲ್ಲಿಗೇ ಬಿತ್ತು ಅನ್ನಿ.
ಪೈಲ್ವಾನರು ಕುತ್ತಿಗೆಗೆ ಕೈ ಹಾಕಿದರೆಂದರೆ
ಹಟ್ಟಿಯ ಗೂಟ ಕಿತ್ತ ಹಾಗೆ.
ಎದ್ದು ನಿಲ್ಲುವಷ್ಟರಲ್ಲಿ ಮತ್ತೆ. ಮತ್ತೆ.
ಸಾಕೆಂದು ಎರಡು ಸಲ ನೆಲ ತಟ್ಟಿದೆ;
ಅವರಿಗದು ಚಪ್ಪಾಳೆ ಅನ್ನಿಸಿರಬೇಕು.

ಮೂರನೆಯವರು ತಡ.
ತೀರ್ಥಹಳ್ಳಿ ಬಸ್ಸು ಮಂಡಗದ್ದೆಯಲ್ಲಿ ಕೆಟ್ಟಿತ್ತಂತೆ.
ಹೆಸರು ಕುಬೇರ ನಾಯ್ಕ, ಅಂಗಿಯ ಕಾಲರು ಸವೆದಿತ್ತು.
ರಾಜ್ಯಮಟ್ಟದಲ್ಲಿ ಒಂದು ಕಂಚು, ಆಮೇಲೆ ಮಂಡಿ ಹೋಯಿತು,
ಆಮೇಲಿನ ಪುಟ ಖಾಲಿ.
ಚಪ್ಪಲಿ ಬಿಟ್ಟು ಬಂದು "ಹಿಡಿ" ಅಂದರು.
ಹಿಡಿದೆ.
"ಹೆದರಿಕೊಂಡು ಹಿಡೀತಿದೀಯ."
ಮತ್ತೆ ಹಿಡಿದೆ.
ಅವರ ಹೆಬ್ಬೆರಳು ನನ್ನ ಬಲ ಮೊಣಕೈ ಹಿಂದೆ ಏನೋ ಹುಡುಕುತ್ತ ಹೋಗಿ
ಒಂದು ಕಡೆ ನಿಂತಿತು, ಒತ್ತಲಿಲ್ಲ.
ಹೋದ ವರ್ಷ ಭದ್ರಾವತಿಯಲ್ಲಿ ಉಳುಕಿದ ಜಾಗ.
ವಸ್ತಾದರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.
"ಈ ಕೈಗೆ ಭಾರ ಕೊಡಬೇಡ."
ನನಗೊಬ್ಬನಿಗೇ ಕೇಳುವಷ್ಟು ಸಣ್ಣ ದನಿ.
ಕೆಡವಲೇ ಇಲ್ಲ ನನ್ನನ್ನು.
ಸಾಹುಕಾರರು ಗಡಿಯಾರ ನೋಡಿದರು:
"ಈಗ ಏನು ತೋರಿಸಿದಂಗಾಯ್ತು?"

ನಮ್ಮಪ್ಪ ಸಕ್ರೆಬೈಲಿನ ಬಿಡಾರದಲ್ಲಿ ಕಾವಾಡಿ.
ಮಾವುತ ಬದಲಾದರೆ ಆರ್ಡರು ಆಫೀಸಿನಿಂದ ಬರುತ್ತದೆ, ಸೀಲು ಸಮೇತ.
ಆನೆ ಆರ್ಡರು ಓದುವುದಿಲ್ಲ.
ಹೊಸಬನ ಅಂಗೈಯನ್ನು ಸೊಂಡಿಲಲ್ಲಿ ಮೂಸುತ್ತದೆ,
ಹಳಬನ ವಾಸನೆ ಹುಡುಕುವುದಕ್ಕಲ್ಲ,
ಇವನೊಳಗೆ ಹೆದರಿಕೆ ಎಷ್ಟಿದೆ ಎಂದು, ಅನ್ನುತ್ತಾನೆ ಅಪ್ಪ.
ಎಂಟು ದಿನ ಹಿಡಿಯುತ್ತದೆ, ಒಮ್ಮೊಮ್ಮೆ ತಿಂಗಳು.
ಅಲ್ಲಿಯವರೆಗೆ ಬೆಲ್ಲ ಕೊಟ್ಟರೆ ತಿನ್ನುತ್ತದೆ,
ಮಂಡಿ ಊರುವುದಿಲ್ಲ.

ಸಮಿತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತು.
ನಾನು ಟೀ ತಂದುಕೊಟ್ಟೆ, ಮೂರು ಕಪ್ಪು, ಒಂದು ಸಕ್ಕರೆ ಇಲ್ಲದ್ದು.
ನಾಯ್ಕ ಸರ್ ಕುಂಟುತ್ತ ಬಸ್ಸಿಗೆ ಓಡಿದರು.
ಪೈಲ್ವಾನರು ಗೇಟಿನ ಹತ್ತಿರ ಹುಡುಗರ ಜೊತೆ ಫೋಟೊದಲ್ಲಿದ್ದರು.
ಮ್ಯಾಟು ಸುತ್ತುವಾಗ ಇನ್ನೊಂದು ತುದಿ ಹಿಡಿದವರು
ಧರ್ಮೋಜಿ ಸರ್,
ನಾನು ಎಣಿಸಿಯೇ ಇರಲಿಲ್ಲ.

ಹೊರಗೆ ಬಂದ ಮೇಡಂ ಚಪ್ಪಲಿ ಹಾಕಿಕೊಳ್ಳುತ್ತ ಕೇಳಿದರು,
"ನಿನಗೆ ಯಾರೋ ಸರಿ ಅನ್ನಿಸಿದ್ದು?"
"ಎಂಟು ದಿನ ಬೇಕು ಮೇಡಂ."
"ಹುಚ್ಚಾ, ನಾಳೆ ಬೆಳಿಗ್ಗೆ ನೋಟಿಸ್ ಹಾಕ್ತೀವಿ."

ರಾತ್ರಿ ಹಾಸ್ಟೆಲಿನ ಬಚ್ಚಲಲ್ಲಿ
ತೊಡೆಯ ಬಾಣಕ್ಕೆ ಎರಡು ಸಲ ಸೋಪು ಹಚ್ಚಿದೆ.
ಹೋಗಲಿಲ್ಲ.
ಬಲಗೈಗೆ ಭಾರ ಕೊಡದೆ
ಎಡಗೈಯಲ್ಲಿ ಉಜ್ಜುತ್ತಿದ್ದೆ.