ಹೆಂಚಿಗೂ ಹಲಗೆಗೂ ನಡುವೆ

ಸುಂಟಿಕೊಪ್ಪದಲ್ಲಿ ಮಾರ್ಚ್ ಬಂತೆಂದರೆ
ಎಲ್ಲರ ಕಣ್ಣೂ ಮೇಲಕ್ಕೆ: ಹೂಮಳೆ ಯಾವಾಗ?
ತೋಟವಿದ್ದವರು ಇಂಚು, ಸೆಂಟು ಲೆಕ್ಕ ಹಾಕುತ್ತಾರೆ.
ನನಗೆ ತೋಟವಿಲ್ಲ. ಅಟ್ಟವಿದೆ,
ಅದರಲ್ಲೊಂದು ಹೊಲಿಗೆ ಮಿಷನ್ನು,
ಮಧ್ಯಾಹ್ನ ಎರಡಕ್ಕೆ ಮುಟ್ಟಿದರೆ ಚುರ್ ಎನ್ನುವ ಕತ್ತರಿ.

ಮುಗಿಸಿದ ಅಟ್ಟ ಅದು. ಪ್ಲೈವುಡ್ ಬಡಿದು,
ಕೆನೆಬಣ್ಣ ಬಳಿದು, ಫ್ಯಾನು ತೂಗಿ.
ಫ್ಯಾನು ಮಾಡುವುದಿಷ್ಟೇ:
ಮೇಲಿನ ಬಿಸಿಯನ್ನು ಕೆಳಗೆ ಹಂಚುವುದು.
ಬೆವರಿಗೆ ಅಂಟಿದ ಟೇಪು
ಅರ್ಧ ಇಂಚು ಸುಳ್ಳು ಹೇಳುತ್ತದೆ.

ಮೊಯ್ದು ಮೇಸ್ತ್ರಿ ಬಂದ. ಹಲಗೆಗೆ ಅಂಗೈ ಇಟ್ಟ,
ಜ್ವರ ನೋಡುವವನಂತೆ.
“ಬಿಚ್ಚಬೇಕಕ್ಕಾ.”
ಮುಗಿದದ್ದನ್ನ?
“ಬಣ್ಣ ಮುಗಿದಿದೆ. ಕೆಲಸ ಬಾಕಿ.”

ಥರ್ಮೋಕೋಲಿನ ರೇಟು ಕೇಳಿ ಸುಮ್ಮನಾದೆ.
ಆಗ ಕಣ್ಣಿಗೆ ಬಿದ್ದವು ಮೂಲೆಯ ಹದಿನೇಳು ಮೂಟೆ,
ಹನ್ನೊಂದು ವರ್ಷದ ಚಿಂದಿ,
ಎಸೆಯಲು ಮನಸ್ಸಾಗದೆ, ಬಳಸಲು ಹೊಳೆಯದೆ ಉಳಿದದ್ದು.

ಬಿಳಿಗಾರದ ನೀರಲ್ಲದ್ದಿ, ಒಣಗಿಸಿ
(ಬೆಂಕಿಗೂ ಹುಳುವಿಗೂ ಅದೇ ಮದ್ದಂತೆ)
ಹಳೇ ಸೀರೆಯ ಚೀಲಕ್ಕೆ ತುರುಕಿ
ಪಕ್ಕಾಸಿನ ಸಂದಿಯ ಅಳತೆಗೆ ದಿಂಬು ಹೊಲಿದೆ.
ಇಷ್ಟು ದಿನ ಮೈಗಳಿಗೆ ಹೊಲಿದವಳು
ಮೊದಲ ಸಲ ಒಂದು ಮಾಡಿಗೆ.
ಅಳತೆ ಕೊಡುವಾಗ ಅದು
ಉಸಿರೆಳೆದು ಹೊಟ್ಟೆ ಸಣ್ಣ ಮಾಡಲಿಲ್ಲ.

ಖಾಕಿ ತುಂಡು, ಹೈಸ್ಕೂಲಿನ ನೀಲಿ,
ಬೊಳ್ಳಮ್ಮನ ಮಗಳ ಮದುವೆ ರವಿಕೆಯ ಕೆಂಪಂಚು
(ಹಣ ಇನ್ನೂ ಬರಬೇಕು)
ಎಲ್ಲ ಕತ್ತಲೆಗೆ ಹೋದವು.

ಪೂರ್ತಿ ತುಂಬಲು ಹೊರಟೆ. ಮೊಯ್ದು ತಡೆದ.
“ಹೆಂಚಿನಡಿ ಎರಡಿಂಚು ಖಾಲಿ ಇರಲಿ,
ಬಿಸಿಗೂ ನಡೆಯಲು ಓಣಿ ಬೇಕು.”
ಸೂರಿಗೆ ಜಾಲರಿ, ಮಾಡಿನ ನೆತ್ತಿಗೊಂದು ಸೀಳು.
ನಾವಿದಕ್ಕೆ ‘ಲೂಸು’ ಅನ್ನುತ್ತೇವೆ;
ಕಂಕುಳಲ್ಲಿ ಅದಿಲ್ಲದಿದ್ದರೆ ಕೈ ಎತ್ತಲಾಗದು.

ಹಲಗೆ ಮತ್ತೆ ಕೂತಿತು. ಮೊಳೆಯ ಗುರುತಿಗೆ
ಕೆನೆಬಣ್ಣ ಸರಿಯಾಗಿ ಹೊಂದಲಿಲ್ಲ,
ಅಲ್ಲಲ್ಲಿ ಸಿಡುಬಿನ ಕಲೆ.
ಏಪ್ರಿಲ್ ಎರಡನೇ ವಾರ, ಎರಡು ಗಂಟೆ.
ಕತ್ತರಿ ಹಿಡಿದೆ. ತಣ್ಣಗೇನೂ ಇರಲಿಲ್ಲ,
ಬರೀ ಕತ್ತರಿಯಾಗಿತ್ತು.

ಆ ವರ್ಷ ತಡವಾಗಿ ಬಂದ ಹೂಮಳೆ
ನನಗೆ ಗೊತ್ತೇ ಆಗಲಿಲ್ಲ.
ಹೆಂಚಿನ ಸದ್ದನ್ನೂ ಚಿಂದಿ ಕುಡಿದಿತ್ತು.
ಬಾಬಿನ್ ದಾರ ತರಲು ಕೆಳಗಿಳಿದರೆ ಬೀದಿ ಒದ್ದೆ,
ಎದುರಂಗಡಿಯಿಂದ ಯಾರೋ ಕೂಗುತ್ತಿದ್ದರು
“ಒಂದಿಂಚು ಹತ್ತು ಸೆಂಟು!”
ಕೊರಳಲ್ಲಿ ಟೇಪು ಜೋತಾಡುತ್ತಿತ್ತು,
ಯಾಕೋ ಅಷ್ಟನ್ನೇ ಬೆರಳಲ್ಲಿ ಹಿಡಿದು ನೋಡಿದೆ.