ಕವರು

ಮಂಗಳೂರಿನ ಹಳೆಯ ಪತ್ರಗಳಲ್ಲಿ ಕವರು ಅಂದರೆ
ಅಂಚೆಯದ್ದಲ್ಲ.
ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು,
ಅಳಿಯಸಂತಾನದ ಕಾನೂನು ಒಂದು ಹೊಟ್ಟೆಗೆ ಇಟ್ಟ ಹೆಸರು.
ಝೆರಾಕ್ಸಿನ ಹುಡುಗನಿಗೆ ಮೂರು ಸಲ ಹೇಳಿದ್ದೇನೆ.
ಕವರು ಎಂದಾಗಲೆಲ್ಲ ಅವನು ಕಂದು ಲಕೋಟೆ ತಂದಿಡುತ್ತಾನೆ.

ಬೆಳಿಗ್ಗೆ ಬಿಜೈಯಿಂದ ಒಬ್ಬರು ಬಂದರು,
ಮೂಲಪತ್ರ ಬೇಕಂತೆ, ಬಿಲ್ಡರು ಕೇಳುತ್ತಾನಂತೆ.
ಅಪ್ಪನ ಕಬ್ಬಿಣದ ಪೆಟ್ಟಿಗೆ ತೆಗೆದೆ.
ಜಿರಲೆಮೊಟ್ಟೆ, ಕರ್ಪೂರದ ವಾಸನೆ, ಅಪ್ಪನ ಓರೆ ಅಕ್ಷರ:
ದೇಯಕ್ಕೆ ಶೆಡ್ತಿಯ ಕಡತ.

ಐವತ್ತನಾಲ್ಕನೇ ಇಸವಿ. ದೇಯಕ್ಕೆಗೆ ಆಗ
ನಲವತ್ತೊಂಬತ್ತು ವರ್ಷ ಹತ್ತು ತಿಂಗಳು.
ಐವತ್ತು ತುಂಬದ ಹೆಣ್ಣೊಬ್ಬಳಿದ್ದರೆ
ಸಂತತಿ ಕವರು.
ತುಂಬಿತೋ, ಕೆಳಗೆ ಬೇರೆ ಹೆಣ್ಣು ಇಲ್ಲವೋ,
ನಿಸ್ಸಂತತಿ. ಪಾಲು ಸಿಕ್ಕಿದರೂ ಉಸಿರಿರುವಷ್ಟು ದಿನಕ್ಕೆ.
ಕಾಯಿ ಕೀಳಬಹುದು,
ಮರ ಯಾರಿಗೂ ಕೊಡುವಂತಿಲ್ಲ.

ತಂಗಿಯ ಕಡೆಯವರು ಪಾಲುಪತ್ರ ಮುಂದೂಡಿದರು.
ಆಟಿಯಲ್ಲಿ ಒಳ್ಳೆ ಕೆಲಸ ಆಗದು ಎಂದರು,
ಸೋಣದಲ್ಲಿ ಯಜಮಾನರಿಗೆ ಮೊಣಕಾಲು ನೋವು.
ಅಷ್ಟರಲ್ಲಿ ಅವಳ ಹುಟ್ಟುದಿನ ಬಂತು.
ಯಾರೂ ಪಾಯಸ ಮಾಡಲಿಲ್ಲ.
ಬೆಳಗಾಗುವಾಗ ಅವಳ ಹೊಟ್ಟೆ
ಸರಕಾರದ ಪುಸ್ತಕದಲ್ಲಿ ಮುಚ್ಚಿತ್ತು.

ಎರಡು ವರ್ಷ ಕಳೆಯುವಾಗ ದಿಲ್ಲಿಯಿಂದ ಇನ್ನೊಂದು ಕಾಯಿದೆ.
ನಿನ್ನ ಪಾಲು ನಿನಗೆ, ಬೇಕಾದವರಿಗೆ ಬರೆದಿಡು, ಎಂದಿತು.
ಅಪ್ಪ ಅದನ್ನು ಓದಿ ಹೇಳಿದಾಗ
ಬಾಯಿಯ ವೀಳ್ಯ ಆಚೆ ಕೆನ್ನೆಗೆ ಸರಿಸಿ ಕೇಳಿದಳಂತೆ:
'ಇದನ್ನು ಬದಲಿಸುವವರೆಗೆ ಎಷ್ಟು ಸಮಯ ಉಂಟು, ಶೆಣೈಯವರೇ?'

ಬರೆಸಿದಳು. ತಮ್ಮನ ಹೆಂಡತಿ ಪೂವಕ್ಕೆಗೆ.
ಗಂಡ ಸತ್ತ ಹದಿಮೂರನೆಯ ದಿನ ಗಂಟು ಕಟ್ಟಿ
ತವರಿಗೆ ಹೊರಡಬೇಕಾದ ಪೂವಕ್ಕೆಗೆ,
ಕಟ್ಟುಕಟ್ಟಳೆಯ ಪ್ರಕಾರ
ಆ ಮನೆಯಲ್ಲಿ ಯಾರೂ ಅಲ್ಲದವಳಿಗೆ,
ಮನೆ, ಬಾವಿ, ಒಂದು ಹಲಸು.

ಸಾವಿಗೂ ಸುಂಕವಿದ್ದ ಕಾಲ ಅದು.
ಅಳಿಯಂದಿರು ಜಗಲಿಯಲ್ಲಿ ಕೂತು ಲೆಕ್ಕ ಹಾಕುವರು,
ಮುದುಕಿ ಈಗ ಹೋದರೆ ಎಷ್ಟು, ಬರುವ ವರ್ಷಕ್ಕಾದರೆ ಎಷ್ಟು.
ಒಳಗಿಂದ ಅವಳು ಕೆಮ್ಮುವಳು, ಲೆಕ್ಕ ತಪ್ಪುವುದು.
ಎಂಬತ್ತೈದರ ಮಾರ್ಚಿನಲ್ಲಿ ಆ ಸುಂಕ ಎತ್ತಿದರು.
ತಿಂಗಳು ಮುಗಿಯುವ ಮೊದಲು ದೇಯಕ್ಕೆಯೂ ಹೋದಳು.
ಕಾದಿದ್ದಳು ಎನ್ನುತ್ತಾರೆ ಜನ.
ಗಂಜಿ ಬಿಟ್ಟಿದ್ದಳು, ಎಂದಷ್ಟೇ ಅಪ್ಪ.

ಆಮೇಲೆ ಹನ್ನೊಂದು ವರ್ಷ ವ್ಯಾಜ್ಯ.
ಸಾಕ್ಷಿಕಟ್ಟೆಯಲ್ಲಿ ಅಪ್ಪನನ್ನು ಕೇಳಿದರು,
ಆಕೆಯ ಬುದ್ಧಿ ಸ್ಥಿಮಿತದಲ್ಲಿತ್ತೇ?
'ನನ್ನ ಎರಡು ಒತ್ತಕ್ಷರ ತಿದ್ದಿದರು, ಸ್ವಾಮಿ.'
ಬೊಂಬಾಯಿಯಾದರೆ ಪ್ರೊಬೇಟ್ ಬೇಕಿತ್ತು, ನಮ್ಮಲ್ಲಿ ಬೇಡ.
ಈಗ ಅಲ್ಲಿಯೂ ಬೇಡವಂತೆ, ಆ ಕಲಮನ್ನೇ ಕಿತ್ತರಂತೆ.
ಇರಲಿ. ಕಾಗದ ನಿಜವೋ ಎಂದು ತಟ್ಟುವ ಬಾಗಿಲು ಬೇರೆ,
ತಟ್ಟುವವರು ಅವರೇ.

ಪೂವಕ್ಕೆ ಗೆದ್ದಾಗ ಕಣ್ಣಿಗೆ ಪೊರೆ ಬಂದಿತ್ತು.
ತೀರ್ಪನ್ನು ಬೆರಳಲ್ಲಿ ತಡವಿ, ಇದರಲ್ಲಿ
ಅತ್ತಿಗೆಯ ಹೆಸರು ಎಲ್ಲಿ, ಎಂದಳು.
ಇವತ್ತು ಬಂದವರು ಅವಳ ಮೊಮ್ಮಗ.
ಒಂದು ಸೆಂಟ್ಸಿಗೆ ಸರಕಾರ ಹೇಳುವ ದರ ನೋಡಿ
ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.

ನನಗೂ ಇವತ್ತು ಐವತ್ತು. ಯಾರಿಗೂ ಹೇಳಿಲ್ಲ.
ಮದುವೆ ಇಲ್ಲ. ಯಾವ ಕಾಯಿದೆಗೂ ಈಗ ಅದು ಬೇಡ.
ಆದರೂ ಊಟದ ಹೊತ್ತಿಗೆ ಬಾಗಿಲು ಅರ್ಧ ಎಳೆದು
ಊರಿಗೆಲ್ಲ ಬರೆಯುವುದನ್ನು ನನಗೂ ಬರೆದೆ.
ವೀಲುನಾಮೆಗೆ ಸ್ಟಾಂಪು ಬೇಡ, ಬಿಳಿ ಹಾಳೆ ಸಾಕು,
ಸರಕಾರ ಕೈಯೊಡ್ಡದ ಒಂದೇ ಕಾಗದ.
ಕರಂಗಲ್ಪಾಡಿಯ ಒಂದು ಕೋಣೆಯ ಫ್ಲ್ಯಾಟು, ಅಂಚೆ ಠೇವಣಿ,
ಅಪ್ಪನ ಪೆಟ್ಟಿಗೆ, ಜಿರಲೆಗಳ ಸಮೇತ.
ಯಾರಿಗೆ ಎಂಬಲ್ಲಿ ಪೆನ್ನು ನಿಂತಿತು,
ಆಮೇಲೆ ಓಡಿತು. ಹೆಸರು ಇಲ್ಲಿ ಹೇಳುವುದಿಲ್ಲ.
ಸಾಕ್ಷಿಗೆ ಇಬ್ಬರು, ಎದುರಿನ ನೋಟರಿ,
ಚಾ ತರುವ ಅಬೂಬಕ್ಕರ್.

ಹುಡುಗ ಲಕೋಟೆ ತಂದ,
ಗೋಂದಿನ ಬಾಟಲಿ ಬುಡಮೇಲು ಹಿಡಿದು:
'ಅಕ್ಕಾ, ಕವರು ಮುಚ್ಚಲಾ?'

ಬೇಡ ಮಾರಾಯ, ತೆರೆದೇ ಇರಲಿ.
ಇನ್ನೂ ಒಂದು ಕಾಯಿದೆ ಬರಲಿಕ್ಕುಂಟು.