ಒಂದಕ್ಕೆ ಹನ್ನೆರಡು

ಬದುಕಿದ್ದೇನೆ ಎಂದು ಬೆರಳೊತ್ತಲು
ವರ್ಷಕ್ಕೊಮ್ಮೆ ಒಂಬತ್ತು ಮೆಟ್ಟಿಲು.
ಕುಮಟೆಯ ಆ ಕಚೇರಿಗೆ ಹೊಳೆ ನುಗ್ಗೀತೆಂದು ಹೆದರಿ
ಯಾವನೋ ಎತ್ತರಿಸಿ ಕಟ್ಟಿದ ಪಾಯ.
ಹೊಳೆ ಒಮ್ಮೆಯೂ ಬರಲಿಲ್ಲ.
ನಾವು ಬರುತ್ತಲೇ ಇದ್ದೆವು.

ನಾನು ಅಂಗೈಯೂರಿ, ನಿರಿಗೆಯನ್ನು ಹಲ್ಲಲ್ಲಿ ಕಚ್ಚಿ,
ಬೆನ್ನು ಮುಂದಾಗಿ ಹತ್ತುತ್ತಿದ್ದೆ.
ಊರವರ ರವಿಕೆಗೆಲ್ಲ ಟೇಪು ಹಿಡಿಯುವವಳು
ಆ ಮೆಟ್ಟಿಲನ್ನು ಮಾತ್ರ ಮೈಯಿಂದಲೇ ಅಳೆದೆ.

"ಯಾರನ್ನಾದ್ರೂ ಕಳಿಸಬಾರದಾ?" ಅಂದ ಗುಮಾಸ್ತ.
"ಕಳಿಸ್ವ," ಅಂದಳು ಮಾದೇವಿ ಮುಕ್ರಿ,
"ಉಳಿದ ಮೂರು ಬೆರಳಲ್ಲಿ ಒಂದನ್ನ ಕೊಯ್ದು
ಬಾಳೆಲೆಯಲ್ಲಿ ಕಟ್ಟಿ ಕಳಿಸ್ಲಾ?"

ಆ ನಗೆಯಲ್ಲೇ ಶುರುವಾಯಿತು ಸಂಘ.
ಮೀನು ಮಾರ್ಕೆಟ್ಟಿನ ಹಿಂದೆ, ಮಧ್ಯಾಹ್ನ ಮೂರಕ್ಕೆ,
ಬುಟ್ಟಿ ಖಾಲಿಯಾದ ಮೇಲೆ, ಬೆಕ್ಕುಗಳ ನಡುವೆ
ಹದಿನೇಳು ಜನ. ಠರಾವು ಬರೆಯುವುದು ನನ್ನ ಪಾಲಿಗೆ:
ಕೂತೇ ಇರ್ತೀಯಲ್ಲ, ಬರಿ.

ದೇವು ಅಂಬಿಗ ಮರಳಲ್ಲಿ ಗೆರೆ ಎಳೆದ.
ದೋಣಿ ಕಟ್ಟುವ ಅಟ್ಟದಿಂದ ಬಿದ್ದು
ಸೊಂಟದ ಕೆಳಗೆ ಸುದ್ದಿಯಿಲ್ಲದವನು.
"ಅಡಿ ಎತ್ತರಕ್ಕೆ ಹನ್ನೆರಡಡಿ ಉದ್ದ.
ಅದಕ್ಕಿಂತ ಕಡಿದಾದ್ರೆ ಕುರ್ಚಿ ಹಿಂದೆ ಉರುಳ್ತದೆ.
ಹತ್ತು ಟನ್ನಿನ ದೋಣಿಯನ್ನ ದಡ ಹತ್ತಿಸಿದ ಊರು ಇದು.
ನಾನು ಐವತ್ತೇ ಕಿಲೋ."

ಲೆಕ್ಕ ಹಾಕಿದರೆ ಐವತ್ತನಾಲ್ಕು ಅಡಿ,
ಸಾಹೇಬರ ಜೀಪು ನಿಲ್ಲುವ ನೆರಳಿನ ಮೇಲೇ ಹಾಯಬೇಕು.
ಜೀಪು ಬಿಸಿಲಿಗೆ ಸರಿಯಲು ಹದಿನಾಲ್ಕು ತಿಂಗಳು.
ಏಳು ಅರ್ಜಿ. ಆಮೇಲೊಂದು ಮಂಗಳವಾರ
ಎಲ್ಲರೂ ಮೆಟ್ಟಿಲ ಬುಡದಲ್ಲಿ ಕೂತೆವು, ಘೋಷಣೆಯಿಲ್ಲದೆ,
ಬುತ್ತಿ ಬಿಚ್ಚಿಕೊಂಡು. ಮಧ್ಯಾಹ್ನದ ಹೊತ್ತಿಗೆ
ಮೇಲಿನ ಮೇಜೇ ಇಳಿದು ಬಂತು.

ಇಷ್ಟಾದರೂ ಇನಾಸ್ ಒಪ್ಪಲಿಲ್ಲ.
"ನನಗೆ ಮೆಟ್ಟಿಲೇ ಲಾಯ್ಕು. ಒಂಬತ್ತು ಅಂತ ಕಾಲಿಗೆ ಗೊತ್ತು.
ನಿಮ್ಮ ಇಳಿಜಾರು ಎಲ್ಲಿ ಶುರು, ಎಲ್ಲಿ ಕಡೆ,
ಕಣ್ಣಿಲ್ಲದವನಿಗೆ ಹೇಳುವವರು ಯಾರು?"
ಎರಡು ಸಭೆ ಜಗಳ. ಒಬ್ಬರು ಎದ್ದೂ ಹೋದರು.
(ಎದ್ದು ಹೋಗಬಲ್ಲವರು ನಮ್ಮಲ್ಲಿ ಕಡಿಮೆ,
ಅದಕ್ಕೇ ನೆನಪಿದೆ.)

ಸಿಮೆಂಟು ಹಸಿಯಿದ್ದ ಸಂಜೆ ಮಾದೇವಿ ಬಂದಳು,
ಅಘನಾಶಿನಿಯ ಕೆಸರಲ್ಲಿ ಹೆಕ್ಕಿದ ಬಳಚಿನ ಚಿಪ್ಪು
ಮಡಿಲ ತುಂಬ. ಶುರುವಿಗೊಂದು ಸಾಲು, ಕೊನೆಗೊಂದು,
ಗುತ್ತಿಗೆದಾರ ಬೊಬ್ಬೆ ಹೊಡೆಯುತ್ತಿದ್ದಂತೆಯೇ
ಮೂರು ಬೆರಳಲ್ಲಿ ಒತ್ತುತ್ತ ಹೋದಳು.

ಈಗ ಇನಾಸನ ಕೋಲು
ಕರ್ರ್ ಎಂದಲ್ಲಿ ನಿಂತು, ತಿಳಿದುಕೊಂಡು, ಮುಂದೆ ಹೋಗುತ್ತದೆ.
ಬೆಳಿಗ್ಗೆ ನಮಗಿಂತ ಮೊದಲು ಹತ್ತುವವನು
ನೀರಿನ ಕ್ಯಾನು ಉರುಳಿಸುವ ಜವಾನ.
ಇದು ಹೇಗೆ ಬಂತೆಂದು ಅವನು ಕೇಳಿಲ್ಲ.

ಈ ನವೆಂಬರಿಗೆ ನಾನೂ ಹೋದೆ, ಗಾಡಿಯಿಂದ ಇಳಿಯದೆ.
ಯಂತ್ರ ಎರಡು ಸಲ ನನ್ನ ಹೆಬ್ಬೆಟ್ಟನ್ನು ಒಪ್ಪಲಿಲ್ಲ.
ನಿರಿಗೆ ಪಾದದ ಹತ್ತಿರವೇ ಇತ್ತು, ಬಾಯಿ ಖಾಲಿ.
ಹಾಗಾಗಿ ಗುಮಾಸ್ತನಿಗೆ
ಎರಡು ಮಾತು ಹೇಳಲಿಕ್ಕೂ ಆಯಿತು.